ಲಿಂಗನಮಕ್ಕಿ: ಎರವಲು ಹೋದ ಹೆಸರು

ಕಾಯ್ಕಿಣಿಯಿಂದ ಬೆಳಿಗ್ಗೆ ಹೊರಟಾಗ ಮಳೆ ಬಿಟ್ಟಿತ್ತು, ವಾದ ಬಿಟ್ಟಿರಲಿಲ್ಲ. ಪಕ್ಕದ ಮನೆಯ ಗಂಗತ್ತೆ ತಮ್ಮ ಹೊಸ ಮನೆಗೆ ‘ಲಿಂಗನಮಕ್ಕಿ’ ಎಂದೇ ಹೆಸರಿಡಬೇಕೆಂದು ಹಟ ಹಿಡಿದಿದ್ದರು. ಸೋಮವಾರ ಹೆಸರು ಬರೆಯುವ ಪೇಂಟರ್ ಬರುವವನಿದ್ದ. ಮಗ ರಮೇಶಣ್ಣನದು ಒಂದೇ ಮಾತು: “ನಲ್ಲೀಲಿ ನೀರು ಬರೂದಿಲ್ಲ, ಮನೆಗೆ ಡ್ಯಾಮಿನ ಹೆಸ್ರಂತೆ!” ನಾನು ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವನೆಂದು ರಮೇಶಣ್ಣ ನನ್ನನ್ನು ಅತ್ತೆಯ ಜೊತೆಗೆ ಕಳಿಸಿದ್ದ. ಅಣೆಕಟ್ಟು ತೋರಿಸಬೇಕು, ಬರುವಷ್ಟರಲ್ಲಿ ಅತ್ತೆಯ ಮನಸ್ಸು ತಿರುಗಿಸಬೇಕು.

ಹೊನ್ನಾವರದಲ್ಲಿ ಬಸ್ಸು ಬದಲಿಸಿದೆವು. ಜೋಗಕ್ಕೆ ಸುಮಾರು ಅರವತ್ತು ಕಿಲೋಮೀಟರ್. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ, ಟಿಕೆಟ್ಟಿನ ದುಡ್ಡು ನನ್ನೊಬ್ಬನದು. ಗೇರುಸೊಪ್ಪೆ ದಾಟಿ ಘಟ್ಟದ ತಿರುವುಗಳು ಶುರುವಾದಾಗ ನಾನೂ ಶುರುಮಾಡಿದೆ.

“ಅತ್ತೆ, ನಿಮ್ಮೂರನ್ನ ಮುಳುಗಿಸಿದ್ದೇ ಆ ಗೋಡೆ. ಅದರ ಹೆಸರನ್ನ ನೀವೇ ಬಾಗಿಲ ಮೇಲೆ ಬರೆಸೂದು ಸರಿಯಾ?”

“ಗೋಡೆಗೆ ಹುಟ್ಟುವಾಗ ಹೆಸ್ರಿತ್ತನಾ? ಊರಿಗಿತ್ತು. ಅವ್ರು ಎರವಲು ತಗಂಡ್ರು. ಕೊಟ್ಟ ಪಾತ್ರೆ ವಾಪಸ್ ಕೇಳೂಕೆ ನಾಚಿಕೆ ಎಂತಕೆ?”

ಅತ್ತೆ ಹುಟ್ಟಿದ್ದು ಲಿಂಗನಮಕ್ಕಿ ಎಂಬ ಆ ಊರಿನಲ್ಲಿ. ಶರಾವತಿಗೆ ಅಣೆಕಟ್ಟು ಏಳುವಾಗ ಅಪ್ಪ ಅವರನ್ನು ಹೆಗಲ ಮೇಲೆ ಕೂರಿಸಿಕೊಂಡು ಘಟ್ಟ ಇಳಿದಿದ್ದರು. ಊರಿನ ನೆನಪೇ ಅವರಿಗಿಲ್ಲ. ನೆನಪಿಲ್ಲದ ಊರಿಗೆ ಹಕ್ಕು ಎಲ್ಲಿಯದು ಎಂದೆ. “ನೀನು ತೊಟ್ಟಿಲಲ್ಲಿದ್ದದ್ದು ನಿಂಗೆ ನೆನಪುಂಟಾ?” ಎಂದು ಅವರು ಕಿಟಕಿಯತ್ತ ತಿರುಗಿದರು.

ಜೋಗದಲ್ಲಿ ಇಡ್ಲಿ ತಿಂದು ಆಟೋ ಹಿಡಿದೆವು. ಅಣೆಕಟ್ಟಿನ ಗೇಟಿನಲ್ಲಿ ಕಾವಲುಗಾರ ತಡೆದ: ಅನುಮತಿ ಇಲ್ಲದೆ ಒಳಗೆ ಬಿಡುವಂತಿಲ್ಲ. ದೂರದಿಂದಲೇ ನೋಡಿದೆವು. ಮಂಜಿನಲ್ಲಿ ಅರ್ಧ ಕಾಣುವ ಉದ್ದದ ಗೋಡೆ, ಅಷ್ಟೇ. ಇದಕ್ಕೂ ಮೊದಲು ಇದೇ ಹೊಳೆಗೆ ಮಡೆನೂರಿನಲ್ಲಿ ಕಟ್ಟಿದ್ದ ಹಳೆಯ ಅಣೆಕಟ್ಟೂ ಈ ನೀರಿನಲ್ಲೇ ಮುಳುಗಿದೆ. ನನಗೆ ಹೊಸ ಅಸ್ತ್ರ ಸಿಕ್ಕಿತು.

“ನೋಡಿ, ಅಣೆಕಟ್ಟೇ ಮುಳುಗ್ತು. ಅದ್ರ ಹೆಸ್ರು ಈಗ ಯಾರು ಹೇಳ್ತ್ರು? ನಿಮ್ಮೂರ ಹೆಸ್ರು ಹೇಳಿದ್ರೂ ಜನರಿಗೆ ನೆನಪಾಗೂದು ಕರೆಂಟೇ.”

ಅತ್ತೆ ಆಟೋದತ್ತ ನಡೆದರು. ವಾಪಸ್ ಬಸ್ಸಿನಲ್ಲಿ ಅವರು ಸೆರಗಿನ ತುದಿ ಸುತ್ತುತ್ತ ಕೂತಿದ್ದರು. ಗೆದ್ದೆ ಅನ್ನಿಸಿತು. ಆದರೆ ಕಪ್ ಸಿಕ್ಕಾಗಿನ ಖುಷಿ ಬರಲಿಲ್ಲ.

ಗೇರುಸೊಪ್ಪೆಯಲ್ಲಿ ಖಾಲಿ ಮೀನುಬುಟ್ಟಿ ಹಿಡಿದ ಹೆಂಗಸೊಬ್ಬಳು ಹತ್ತಿ ನಮ್ಮ ಎದುರಿಗೆ ಕೂತಳು. ಕೂತವಳೇ ಕೇಳಿದಳು: “ಮೇಲಿಂದ ಬಂದ್ರಾ? ಲಿಂಗನಮಕ್ಕಿ ಎಂತ ಹೇಳ್ತು?”

ಅಣೆಕಟ್ಟು ಎಷ್ಟು ತುಂಬಿದೆ, ನೀರು ಬಿಡುತ್ತಾರಾ ಎಂದು ಮಳೆಗಾಲದಲ್ಲಿ ಘಟ್ಟ ಇಳಿದವರನ್ನು ಹೊಳೆದಂಡೆಯವರು ಹೀಗೇ ವಿಚಾರಿಸುತ್ತಾರಂತೆ. ಮೊಬೈಲಿನಲ್ಲೇ ಸುದ್ದಿ ಬರುತ್ತದಲ್ಲ ಎಂದೆ.

“ಮೊಬೈಲ್ ಹೇಳ್ತು ತಮ್ಮಾ. ಕಣ್ಣಲ್ಲಿ ಕಂಡವ್ರು ಹೇಳೂದೇ ಬೇರೆ. ದೋಣಿ ದಂಡೆಗೆ ಎಳೆಯೂದು, ದನ ಗುಡ್ಡೆಗೆ ಹೊಡೆಯೂದು, ಎಲ್ಲ ಅದ್ರ ಮಾತು ಕೇಳೇ.”

ಗಂಗತ್ತೆ ಸೆರಗು ಬಿಟ್ಟರು. “ಅದು ನಮ್ಮೂರು.”

“ನಿಮ್ಮೂರಾ!” ಹೆಂಗಸು ಬುಟ್ಟಿ ಕೆಳಗಿಟ್ಟಳು. “ಹಂಗಾರೆ ನಿಮ್ಮೂರವ್ರಿಗೆ ಹೇಳಿ ಅಕ್ಕಾ, ನೀರು ಬಿಡೂ ಮೊದ್ಲು ನಮ್ಗೊಂದು ಮಾತು ತಿಳಿಸ್ಲಿ!”

ಸುತ್ತಲಿನವರೆಲ್ಲ ನಕ್ಕರು. ಅತ್ತೆ ಮಾತ್ರ ನಗದೆ, ಊರ ಯಜಮಾನಿಯ ಗತ್ತಿನಲ್ಲಿ ಹೇಳಿದರು: “ಆತು, ಹೇಳ್ತೆ.”

ಮುಳುಗಿಸಿದ್ದು ಸರಿಯೆಂದು ಇದರಿಂದ ಸಾಬೀತಾಗುವುದಿಲ್ಲ. ಆ ಮಾತಿಗೆ ನಾನು ಈಗಲೂ ಬದ್ಧ. ಆದರೆ ಹೆಸರು ಸತ್ತಿದೆ ಎಂಬ ನನ್ನ ವಾದ ಹೊನ್ನಾವರ ಮುಟ್ಟುವ ಮೊದಲೇ ಬಿದ್ದುಹೋಯಿತು.

ಕಾಯ್ಕಿಣಿ ಕಡೆಯ ಬಸ್ಸು ಶರಾವತಿ ಸೇತುವೆ ಏರಿದಾಗ ಹೊಳೆ ಕೆಂಪಗೆ, ದಂಡೆ ತುಂಬಿ ಹರಿಯುತ್ತಿತ್ತು. ಅತ್ತೆ ಕುತ್ತಿಗೆ ತಿರುಗಿಸಿ ನೀರು ಬರುವ ದಿಕ್ಕನ್ನೇ ನೋಡುತ್ತಿದ್ದರು. ನಾನು ರಮೇಶಣ್ಣನಿಗೆ ಫೋನ್ ಮಾಡಿದೆ.

“ಎಂತ ಆತನಾ? ಒಪ್ಪಿದ್ರಾ?”

“ಒಪ್ಪಿದ್ದು ನಾನು. ಪೇಂಟರಿಗೆ ಹೇಳು, ಅಕ್ಷರ ದೊಡ್ಡದು ಬರೀಲಿ. ರಸ್ತೆಯಿಂದ್ಲೇ ಓದೂಕಾಗ್ಬೇಕಂತೆ.”