ತಾಮ್ರದ ತಗಡಿನಲ್ಲಿ ಗಿರಿಜಕ್ಕ

ನಮ್ಮ ಯಜಮಾನರು ತ್ರಿವಿಕ್ರಮ ಮೆಲ್ಬೋರ್ನಿನಲ್ಲಿ ಹಲ್ಲಿನ ಡಾಕ್ಟರಾಗಿದ್ದವರು. ರಿಟೈರ್ ಆದಮೇಲೆ ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ಲೈಬ್ರರಿಯಲ್ಲಿ ಹಳೆಯ ಮುಖಚಿತ್ರಗಳ ಪ್ರದರ್ಶನ ನೋಡಿ ಬಂದವರೇ ತಾಮ್ರದ ತಗಡು, ಕೊರೆಯುವ ಉಳಿ ತರಿಸಿಕೊಂಡು ವಿಂಡಮ್ ವೇಲ್‌ನ ನಮ್ಮ ಗರಾಜು ಹಿಡಿದರು. ಕಾರು ಬೀದಿಗೆ ಬಿತ್ತು.

ಫೋಟೋ ಇಲ್ಲದ ಕಾಲದಲ್ಲಿ ಯುರೋಪಿನವರು ಮುಖವನ್ನು ಹೀಗೆ ತಾಮ್ರದಲ್ಲಿ ಕೊರೆದು, ಮಸಿ ತುಂಬಿ, ಕಾಗದಕ್ಕೆ ಒತ್ತುತ್ತಿದ್ದರಂತೆ. ಕಾಣದ ರಾಜನ ಮುಖ ಪ್ರಜೆಗಳಿಗೆ ತಿಳಿಯುತ್ತಿದ್ದದ್ದು ಹಾಗೆ. ಪಂಡಿತರೂ ದೂರದ ಗೆಳೆಯರಿಗೆ ತಮ್ಮ ಮುಖ ಕಳಿಸುತ್ತಿದ್ದರಂತೆ.

"ರಾಜರು, ಪಾದ್ರಿಗಳು, ಪ್ರೊಫೆಸರ್‌ಗಳು ಎಲ್ಲ ಇದಾರೆ ವಸಂತಾ. ಬಾಣಂತನ ಮಾಡಿದೋರ ಮುಖ ಒಂದೂ ಕಾಣಲಿಲ್ಲ," ಅಂದರು ಒಂದು ದಿನ. ಯಾರನ್ನು ನೆನೆದು ಹೇಳಿದರೆಂದು ನಾನು ಕೇಳಬೇಕಿರಲಿಲ್ಲ.

ನಮ್ಮ ಅರ್ಜುನ್ ಹುಟ್ಟಿದಾಗ ನನ್ನಮ್ಮನಿಗೆ ವೀಸಾ ಸಿಗಲಿಲ್ಲ. ಆಗಷ್ಟೇ ಪರಿಚಯವಾಗಿದ್ದ ಗಿರಿಜಕ್ಕ ಆಫೀಸಿಗೆ ರಜೆ ಹಾಕಿ ಬಂದು, ಎಣ್ಣೆನೀರು ಹಾಕಿ, ಮೆಣಸಿನ ಸಾರು ಮಾಡಿ ಬಡಿಸಿ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಆ ಋಣ ತೀರುವಂಥದ್ದಲ್ಲ. ಈಗ ಅವರು ಸಿಡ್ನಿಯ ಪೆಂಡಲ್ ಹಿಲ್‌ಗೆ, ಮಗಳು ಅಪರ್ಣಳ ಮನೆಗೆ, ಇನ್ನು ಅಲ್ಲೇ ಇರಲು ಹೊರಟಿದ್ದರು. ಸೀರೆ ಕೊಟ್ಟರೆ ಅದನ್ನು ತಿರುಗಿ ನನಗೇ ಉಡಿಸುವ ಹೆಂಗಸು. ತಮ್ಮದೇ ಮುಖದ ಅಚ್ಚನ್ನಾದರೂ ಬೇಡ ಅನ್ನದಿರಲಿ ಎಂದು ಇವರು ಗಿರಿಜಕ್ಕನ ಫೋಟೋ ಮುಂದಿಟ್ಟುಕೊಂಡು ಕಣ್ಣು ನೋಯುವಷ್ಟು ಕೊರೆದರು.

ಅಚ್ಚೊತ್ತುವ ಪ್ರೆಸ್ ಎರವಲು ಸಿಕ್ಕಿದ್ದು ಗಿರಿಜಕ್ಕ ಹೊರಡುವ ದಿನ ಬೆಳಿಗ್ಗೆ. ಒತ್ತಿ ನೋಡಿದರೆ ಸೆರಗು ಬಲಭುಜಕ್ಕೆ ಹೋಗಿತ್ತು, ಬಲಗಡೆಯ ಮೂಗುಬೊಟ್ಟು ಎಡಕ್ಕೆ. ತಗಡಿನಲ್ಲಿದ್ದದ್ದು ಕಾಗದದಲ್ಲಿ ತಿರುಗುಮುರುಗಾಗುತ್ತದೆ ಎಂಬುದನ್ನೇ ಮರೆತಿದ್ದರು, ಜನರ ಹಲ್ಲನ್ನು ಜೀವಮಾನವಿಡೀ ಪುಟ್ಟ ಕನ್ನಡಿಯಲ್ಲೇ ನೋಡಿದ ಪುಣ್ಯಾತ್ಮರು. ಹೊಸದಾಗಿ ಕೊರೆಯಲು ಹೊತ್ತಿಲ್ಲ. ಮುಖ ಸಣ್ಣದು ಮಾಡಿಕೊಂಡು, ಅಕ್ಕನನ್ನು ಬೀಳ್ಕೊಡಲು ಅವರ ಮನೆಗೆ ಬರಿಗೈಯಲ್ಲಿ ಹೊರಟ ಇವರ ಕೈಗೆ ನಾನೇ ಆ ಕಾಗದವನ್ನು ತುರುಕಿದೆ.

ಗಿರಿಜಕ್ಕ ಕಾಗದ ಹಿಡಿದು ತುಂಬಾ ಹೊತ್ತು ನೋಡಿದರು.

"ತಪ್ಪಾಗಿದೆ ಅಕ್ಕಾ. ಎಡ ಬಲ ಉಲ್ಟಾ," ಅಂದರು ಇವರು.

"ಫೋಟೋದಲ್ಲಿ ಯಾವತ್ತೂ ನಾನು ನನ್ನ ಹಾಗೆ ಕಾಣೋದಿಲ್ಲ. ದಿನಾ ಕನ್ನಡಿ ಮುಂದೆ ಕುಂಕುಮ ಇಟ್ಕೊಳ್ಳೋವಾಗ ಕಾಣೋಳು ಇವಳೇ. ಇಷ್ಟು ವರ್ಷ ಇವಳನ್ನ ನಾನೊಬ್ಬಳೇ ನೋಡಿದ್ದೆ." ಸೆರಗಿನಿಂದ ಕಣ್ಣೊರೆಸಿಕೊಂಡರು. "ಇದನ್ನ ತಗೊಂಡು ಹೋಗ್ತೀನಿ. ಇನ್ನೊಂದು ಒತ್ತಿ ವಸಂತಾಗೆ ಕೊಡಿ."