ಪ್ಲಾಸ್ಟಿಕ್ ಹೊದಿಸಿದ ಮದುವೆ ಪತ್ರ

ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ನಾನು ದೋಹಾದ ಅಲ್ ಮನ್ಸೂರಾ ಬಡಾವಣೆಯ ಒಂದು ಹೋಟೆಲಿನಲ್ಲಿರುತ್ತೇನೆ. ಎರಡು ಇಡ್ಲಿ, ಒಂದು ವಡೆ, ಒಂದು ಕಾಫಿ. ಮೆಸಯೀದಿನ ಕಾರ್ಖಾನೆಯಲ್ಲಿ ವಾರವೆಲ್ಲ ಪಾಳಿಯಲ್ಲಿ ದುಡಿಯುವವನಿಗೆ ರಜೆಯ ದಿನವೂ ಒಂದು ಹೊತ್ತುಗೊತ್ತು ಇಲ್ಲದಿದ್ದರೆ ತಿಂದದ್ದು ಅರಗುವುದಿಲ್ಲ. ನಾನು ಅಲ್ಲಿರುತ್ತೇನೆಂದು ಊರ ಕಡೆಯವರಿಗೆ ಗೊತ್ತು. ಹೊಸದಾಗಿ ಬಂದವರು ಯಾರಾದರೂ ಎದುರಿಗೆ ಬಂದು ಕೂರುತ್ತಾರೆ. ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: "ಸರ್, ಹೆಂಡತಿಯನ್ನು ಕರ್ಕೊಂಡು ಬರ್ಲಿಕ್ಕೆ ಎಂತೆಲ್ಲ ಪೇಪರ್ ಬೇಕು?"

ನಾನು ಪಟ್ಟಿ ಹೇಳುವ ಮೊದಲು ತಿರುಗಿ ಕೇಳುತ್ತೇನೆ: "ಮದುವೆ ಸರ್ಟಿಫಿಕೇಟನ್ನು ಲ್ಯಾಮಿನೇಟ್ ಮಾಡಿಸಿದ್ದೀರಾ?"

ಕೆಲವರು ಹೆಮ್ಮೆಯಿಂದ ಹೌದು ಎನ್ನುತ್ತಾರೆ. ಅವರಿಗೆ ಇನ್ನೊಂದು ಕಾಫಿ ತರಿಸುತ್ತೇನೆ, ಏಕೆಂದರೆ ಮಾತು ಸ್ವಲ್ಪ ಉದ್ದವಾಗುತ್ತದೆ. ಆ ತಪ್ಪನ್ನು ನಾನೂ ಮಾಡಿದವನು. ಅದರಿಂದ ನನ್ನನ್ನು ಪಾರು ಮಾಡಿದವರು ನನ್ನ ಹೆಂಡತಿಯ ತಾಯಿ. ಮನೆಯಲ್ಲಿ ತುಳು ಆಡುವವರು ನಾವು. ಅವರನ್ನು ನಾನು ಕರೆಯುವುದು ಮಾಮಿ ಎಂದು.

ಹದಿನೈದು ವರ್ಷ ನಾನು ನೌಕಾಪಡೆಯಲ್ಲಿದ್ದೆ. ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ. ಅಲ್ಲಿ ಪ್ರತಿ ಸ್ಪ್ಯಾನರ್‌ಗೂ ಗೋಡೆಯ ಮೇಲೆ ಅದರದೇ ಆಕಾರದ ಗುರುತು ಬರೆದಿರುತ್ತದೆ. ಜಾಗ ಖಾಲಿ ಕಂಡರೆ ಯಾರಾದರೂ ಉತ್ತರ ಕೊಡಬೇಕು. ಮೊದಲ ಮಗು, ಮಗಳು, ಹುಟ್ಟಿದಾಗ ನಾನು ಸಮುದ್ರದ ಮಧ್ಯದಲ್ಲಿದ್ದೆ. ಸುದ್ದಿ ತಲುಪುವಾಗ ಐದು ದಿನ ಕಳೆದಿತ್ತು. ಅವಳನ್ನು ನೋಡಿದ್ದು ನಾಲ್ಕು ತಿಂಗಳು ತುಂಬಿದ ಮೇಲೆ. ನನ್ನ ಮೀಸೆ ಕಂಡು ಕಿರುಚಿ ಅತ್ತಳು. ಅಂದೇ ನಾನು ಹೆಂಡತಿಗೆ ಮಾತು ಕೊಟ್ಟೆ: ಇನ್ನೊಂದು ಮಗುವಾದರೆ ನಾನು ಹತ್ತಿರ ಇರುತ್ತೇನೆ.

ನೌಕಾಪಡೆ ಬಿಟ್ಟು ಕತಾರಿನ ಕೆಲಸಕ್ಕೆ ಹೊರಟಾಗ ಹೆಂಡತಿಗೆ ಎರಡು ತಿಂಗಳ ಬಸಿರು. ಮಗಳಿಗೆ ನಾಲ್ಕು ವರ್ಷ. ಪರೀಕ್ಷಾ ಅವಧಿ ಮುಗಿಸಿದವರಿಗೆ ಕಂಪನಿಯೇ ಮನೆ ಕೊಡುತ್ತದೆ, ಆಗ ಕುಟುಂಬವನ್ನು ಕರೆಸಬಹುದು ಎಂದಿದ್ದರು. ನಾನು ಹೊರಡುವ ಮುಂಚೆ ಎಲ್ಲವನ್ನೂ ಅಚ್ಚುಕಟ್ಟು ಮಾಡಿದೆ. ಕರಾವಳಿಯ ಮಳೆಗಾಲದಲ್ಲಿ ಕಪಾಟಿನೊಳಗಿನ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ, ಗೆದ್ದಲಿನ ಕಾಟ ಬೇರೆ. ಮದುವೆ ಪತ್ರ, ಮಗಳ ಜನನ ಪತ್ರ, ನನ್ನ ತರಬೇತಿಯ ಪತ್ರಗಳು, ಈಜು ಸ್ಪರ್ಧೆಯಲ್ಲಿ ಸಿಕ್ಕ ಪ್ರಶಸ್ತಿ ಪತ್ರ, ಎಲ್ಲವನ್ನೂ ಬಸ್‌ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ದಪ್ಪ ಪ್ಲಾಸ್ಟಿಕ್ ಹಾಕಿಸಿ ಲ್ಯಾಮಿನೇಟ್ ಮಾಡಿಸಿದೆ. ಕ್ರಮಸಂಖ್ಯೆ ಹಚ್ಚಿ ಫೈಲಿನಲ್ಲಿಟ್ಟು ಹೆಂಡತಿಗೆ ಕೊಟ್ಟೆ. "ಇನ್ನು ನೂರು ವರ್ಷ ಇದಕ್ಕೆ ಏನೂ ಆಗುವುದಿಲ್ಲ" ಎಂದೂ ಹೇಳಿದೆ.

ಮೂರು ತಿಂಗಳ ಪರೀಕ್ಷಾ ಅವಧಿ ಮುಗಿಯಿತು. ಹೆಂಡತಿಗೆ ಆಗ ಇಪ್ಪತ್ತೊಂದನೇ ವಾರ. ಅವಳ ಡಾಕ್ಟರಮ್ಮ ಸ್ಪಷ್ಟವಾಗಿ ಹೇಳಿದ್ದರು, ಮೂವತ್ತೆರಡು ವಾರ ದಾಟಿದರೆ ವಿಮಾನ ಹತ್ತಲು ಪತ್ರ ಕೊಡುವುದಿಲ್ಲ ಎಂದು. ಅಂದರೆ ಕೈಯಲ್ಲಿ ಹನ್ನೊಂದು ವಾರ. ಕಂಪನಿಯ ಪರವಾಗಿ ಸರ್ಕಾರಿ ಕಚೇರಿಗಳಿಗೆ ಓಡಾಡುವವರನ್ನು ಇಲ್ಲಿ ಮಂದೂಬ್ ಎನ್ನುತ್ತಾರೆ. ನಮ್ಮ ಮಂದೂಬ್ ಸೂಡಾನಿನ ಹಿರಿಯರು, ಹಿಂದಿ ಚೆನ್ನಾಗಿ ಆಡುತ್ತಿದ್ದರು. ಮದುವೆ ಪತ್ರದ ಬೆನ್ನಿಗೆ ಬೆಂಗಳೂರಿನ ಮುದ್ರೆ, ದಿಲ್ಲಿಯ ಮುದ್ರೆ, ರಾಯಭಾರ ಕಚೇರಿಯ ಮುದ್ರೆ ಬಿದ್ದು ಬರಲಿ, ಉಳಿದದ್ದು ನನಗೆ ಬಿಡು ಎಂದರು. "ಮಾಫಿ ಮುಷ್ಕಿಲ್," ಏನೂ ತೊಂದರೆಯಿಲ್ಲ, ಎಂದು ಬೆನ್ನು ತಟ್ಟಿದರು.

ಒಂದು ವಾರದಲ್ಲೇ ತೊಂದರೆ ಬಂತು. ಮುದ್ರೆ ಹಾಕಿಸಿಕೊಡುವ ಏಜೆಂಟ್ ಪತ್ರವನ್ನು ಹಾಗೆಯೇ ಹೆಂಡತಿಗೆ ವಾಪಸು ಕಳಿಸಿದ್ದ. ಪ್ಲಾಸ್ಟಿಕ್ಕಿನ ಮೇಲೆ ಯಾವ ಕಚೇರಿಯವರೂ ಮುದ್ರೆ ಒತ್ತುವುದಿಲ್ಲ, ಸಹಿ ಹಾಕುವುದಿಲ್ಲ. ಮೂಲ ಕಾಗದವೇ ಬೇಕು.

ನನ್ನ ಕೋಣೆಯ ಜೊತೆಗಾರ ಬಂಟ್ವಾಳ ಕಡೆಯ ಬ್ಯಾರಿ ಮುಸಲ್ಮಾನ. ಒಂದೇ ವಿಭಾಗದಲ್ಲಿ ಕೆಲಸ. ಮಂಚದ ಮೇಲೆ ಕಾಲು ಚಾಚಿ ಮಲಗಿದ್ದವನು ವಿಷಯ ಕೇಳಿ ಎದ್ದು ಕುಳಿತ.

"ಅಲ್ಲ ನೇವಿಯವರೇ, ಮದುವೆ ಪತ್ರಕ್ಕೆ ಯಾರಾದ್ರೂ ರೈನ್‌ಕೋಟ್ ಹಾಕ್ತಾರಾ?"

"ಗೆದ್ದಲು ತಿನ್ನಬಾರದು ಅಂತ."

"ಗೆದ್ದಲು ತಿಂದಿದ್ರೆ ಅರ್ಧವಾದ್ರೂ ಉಳೀತಿತ್ತು ಮಾರಾಯ್ರೆ. ಇದು ಪೂರ್ತಿ ಖಲಾಸ್!" ಹೊಟ್ಟೆ ಹಿಡಿದು ನಕ್ಕ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿ, ಬಟ್ಟೆ ಮುಚ್ಚಿ ಎಳೆದ್ರೆ ಬಿಡ್ತದಂತೆ. ಆದ್ರೆ ಮೊದಲು ಬೇರೆ ಯಾವುದ್ರಲ್ಲಾದ್ರೂ ನೋಡ್ಲಿಕ್ಕೆ ಹೇಳಿ."

ಹೆಂಡತಿ ನನ್ನ ಈಜಿನ ಪ್ರಶಸ್ತಿ ಪತ್ರದ ಮೇಲೆ ಪ್ರಯೋಗ ಮಾಡಿದಳು. ಪ್ಲಾಸ್ಟಿಕ್ ಬಿಟ್ಟಿತು. ಅಕ್ಷರಗಳೂ ಅದರೊಂದಿಗೇ ಎದ್ದು ಬಂದವು. ಇತ್ತ ಬರಿಯ ಕಾಗದ, ಅತ್ತ ಪ್ಲಾಸ್ಟಿಕ್ಕಿನಲ್ಲಿ ನನ್ನ ಹೆಸರು. ಮದುವೆ ಪತ್ರವನ್ನು ಮುಟ್ಟುವ ಧೈರ್ಯ ಅವಳಿಗೆ ಬರಲಿಲ್ಲ. ಒಳ್ಳೆಯದೇ ಆಯಿತು.

ಉಳಿದ ದಾರಿ ಒಂದೇ, ನೋಂದಣಿ ಕಚೇರಿಯಿಂದ ಹೊಸ ಪ್ರತಿ ಪಡೆಯುವುದು. ಆದರೆ ಮದುವೆಯನ್ನು ನೋಂದಾಯಿಸಿದ್ದು ನಾನು ಆಗ ಕೆಲಸದಲ್ಲಿದ್ದ ಊರಿನಲ್ಲಿ. ಹೆಂಡತಿಯ ತವರಿನಿಂದ ರೈಲಿನಲ್ಲಿ ನಾಲ್ಕು ತಾಸು. ನನಗೆ ರಜೆ ಇಲ್ಲ. ಹೆಂಡತಿ ಡಾಕ್ಟರಮ್ಮನನ್ನು ಕೇಳಿದಳು. "ಒಂದು ದೊಡ್ಡ ಪ್ರಯಾಣಕ್ಕೆ ನನ್ನ ಒಪ್ಪಿಗೆ ಉಂಟು. ರೈಲಿನಲ್ಲಿ ಹೋಗಿ ಬಂದು ಮಾಡ್ತೀರೋ, ಗಂಡನ ಹತ್ತಿರ ಹೋಗ್ತೀರೋ, ನೀವೇ ಹೇಳಿ" ಎಂದರಂತೆ.

ಉಳಿದವರು ಮಾಮಿ. ಅವರನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಏಳು ತಿಂಗಳಾದ ಮೇಲೆ ಗರ್ಭಿಣಿ ಕಡಲು ದಾಟಬಾರದು ಎಂದು ಅವರು ಮೊದಲ ದಿನದಿಂದ ಹೇಳುತ್ತಿದ್ದರು. ಬಾಣಂತನಕ್ಕೆಂದು ಹಿತ್ತಲಿನ ಬಚ್ಚಲಿಗೆ ಹೊಸ ಹಂಡೆಯನ್ನೂ ಕೂರಿಸಿದ್ದರು. ಅವರ ಪಾಲಿಗೆ ನನ್ನ ಲ್ಯಾಮಿನೇಷನ್ ಒಳ್ಳೆಯ ಶಕುನವೇ ಆಗಿದ್ದಿರಬೇಕು. ನಾನು ಕಪಾಟಿನ ಬಾಗಿಲಿಗೆ ವಾರಗಳ ಪಟ್ಟಿ ಅಂಟಿಸಿ ದಿನವೂ ಒಂದು ಗೆರೆ ಹೊಡೆಯುತ್ತಿದ್ದೆ. ಇಪ್ಪತ್ತೆರಡನೇ ವಾರದ ಕೊನೆಗೆ ಫೋನ್ ಮಾಡಿದಾಗ ಎತ್ತಿಕೊಂಡವರು ಮಾಮಿ.

"ಆ ಆಫೀಸು ಸ್ಟೇಷನ್ನಿಂದ ಎಷ್ಟು ದೂರ?" ನಮಸ್ಕಾರ, ಕ್ಷೇಮ ಯಾವುದೂ ಇಲ್ಲ.

"ಯಾವ ಆಫೀಸು ಮಾಮಿ?"

"ನಿಮ್ಮ ಮದುವೆ ಪುಸ್ತಕ ಇರುವ ಆಫೀಸು. ರಿಕ್ಷಾ ಬೇಕಾ, ನಡೆಯಬಹುದಾ?"

ಹತ್ತು ನಿಮಿಷದ ನಡಿಗೆ ಎಂದೆ. ನನ್ನ ಹೆಂಡತಿ ಸಹಿ ಹಾಕಿದ ಅರ್ಜಿ, ತಮ್ಮ ಗುರುತಿನ ಚೀಟಿ, ಆ ಪ್ಲಾಸ್ಟಿಕ್ ಪತ್ರ ಹಿಡಿದುಕೊಂಡು ಮಾರನೆಯ ಸೋಮವಾರ ಹೊರಟೇ ಬಿಟ್ಟರು. ಅರವತ್ತು ದಾಟಿದ ಅವರು ಅದುವರೆಗೆ ಒಬ್ಬರೇ ರೈಲು ಹತ್ತಿದವರಲ್ಲ.

ಮೊದಲ ಸಲ ಅರ್ಜಿ ಕೊಟ್ಟು ಬಂದರು. ನಮ್ಮ ಮದುವೆಯ ವರ್ಷದ ನೋಂದಣಿ ಪುಸ್ತಕ ಹೊಲಿಗೆ ಬಿಚ್ಚಿಹೋಗಿ ಬೈಂಡಿಂಗಿಗೆ ಹೋಗಿತ್ತು. ಎಂಟು ದಿನ ಬಿಟ್ಟು ಬನ್ನಿ ಎಂದರು ಕಚೇರಿಯವರು. ಎರಡನೆಯ ಸಲ ಹೋದರು. ಪುಸ್ತಕ ಬಂದಿತ್ತು, ಸಹಿ ಹಾಕುವ ಅಧಿಕಾರಿ ಇರಲಿಲ್ಲ. ಮೂರನೆಯ ಸಲ ಹೊರಡುವಾಗ ಬೀಡಿಯ ಮೊರವನ್ನು ಚೀಲದಲ್ಲಿಟ್ಟುಕೊಂಡರು. ನಮ್ಮ ಕಡೆ ಮನೆಮನೆಯ ಹೆಂಗಸರು ಬೀಡಿ ಕಟ್ಟುತ್ತಾರೆ. ಮಾಮಿಯೂ ನಲವತ್ತು ವರ್ಷದಿಂದ ಕಟ್ಟುತ್ತಿದ್ದರು. ಕಚೇರಿಯ ಜಗಲಿಯಲ್ಲಿ ಗೋಡೆಗೆ ಒರಗಿ ಕುಳಿತು, ಮೊರ ತೊಡೆಯ ಮೇಲಿಟ್ಟು, ಎಲೆ ಕತ್ತರಿಸಿ ಕಟ್ಟಲು ಶುರುಮಾಡಿದರು. ಗುಮಾಸ್ತ ಹೊರಗೆ ಬಂದ. ಮುಂದಿನದನ್ನು ಮಾಮಿಯೇ ನನಗೆ ಫೋನಿನಲ್ಲಿ ಹೇಳಿದರು.

"'ಅಮ್ಮಾ, ಇದು ಸರ್ಕಾರಿ ಆಫೀಸು, ಇಲ್ಲಿ ಬೀಡಿ ಕಟ್ಟಬಾರದು' ಅಂದ. 'ಸೇದಬಾರದು ಅಂತ ಬೋರ್ಡು ಉಂಟು, ಕಟ್ಟಬಾರದು ಅಂತ ಎಲ್ಲಿ ಉಂಟು?' ಅಂತ ಕೇಳಿದೆ. 'ಸಾಹೇಬರು ಬಂದ್ರೆ ನನಗೆ ಬೈತಾರೆ' ಅಂದ. 'ಬರ್ತಾರಲ್ಲ, ಅಷ್ಟು ಸಾಕು ನನಗೆ' ಅಂದೆ."

"ಆಮೇಲೆ?"

"ಆಮೇಲೆಂತ? ಸಾಹೇಬ್ರು ಬಂದ್ರು. ಮೊರ ನೋಡಿದ್ರು. ಅವರ ಅಮ್ಮನೂ ಬೀಡಿ ಕಟ್ಟಿಯೇ ಅವರನ್ನು ಓದಿಸಿದ್ದಂತೆ. ಊಟಕ್ಕೆ ಮುಂಚೆ ಕೈಗೆ ಬಂತು."

ನಾನು ಉಪಕಾರವಾಯಿತು ಎಂದು ಏನೋ ಹೇಳತೊಡಗಿದೆ. ಅವರು ಪೂರ್ತಿ ಕೇಳಲಿಲ್ಲ.

"ನಿಮಗೆ ಗೊತ್ತಿರಲಿ ಅಂತ ಹೇಳ್ತೇನೆ. ನಾನು ಮೂರು ಹೆತ್ತೆ. ಮೂರು ಸಲವೂ ಇವಳ ಅಪ್ಪ ಬೊಂಬಾಯಿಯ ಹೋಟೆಲಲ್ಲಿ ಇದ್ರು. ಕಾರ್ಡು ಬರೆದ್ರೆ ಹದಿನೈದು ದಿನಕ್ಕೆ ಉತ್ತರ. ನಾನು ಯಾರಿಗೂ ಏನೂ ಹೇಳಲಿಲ್ಲ. ಇವಳು ಆ ಒಂದು ವಾರ ಗೋಡೆಗೆ ತಿರುಗಿ ಮಲಗಿದ್ದು ನೋಡಿದೆ. ನೋಡಿದ ಮೇಲೆ ಸುಮ್ಮನೆ ಕೂರ್ಲಿಕ್ಕೆ ಆಗ್ತದಾ?"

"ಕಡಲು ದಾಟಬಾರದು ಅಂತ ನೀವೇ..."

"ದಾಟುವುದು ಹಡಗಲ್ಲಿ ಆದ್ರೆ. ವಿಮಾನ ಮೇಲಿಂದ ಹೋಗ್ತದಲ್ಲ" ಎಂದು ಫೋನ್ ಇಟ್ಟರು.

ಈ ತರ್ಕವನ್ನು ಜೊತೆಗಾರನಿಗೆ ಹೇಳಿದಾಗ ಅವನು ಎದ್ದು ನಿಂತು ಸಲ್ಯೂಟ್ ಹೊಡೆದ. "ಇವರನ್ನು ನಮ್ಮ ಪ್ಲಾಂಟಿಗೆ ಮ್ಯಾನೇಜರ್ ಮಾಡ್ಬೇಕು" ಎಂದ.

ಹೊಸ ಪ್ರತಿ ಸಿಕ್ಕಿದ್ದು ಇಪ್ಪತ್ತೈದನೇ ವಾರದಲ್ಲಿ. ಮುದ್ರೆಗಳೆಲ್ಲ ಬಿದ್ದು ಪತ್ರ ನನ್ನ ಕೈಗೆ ಬಂದಾಗ ಇಪ್ಪತ್ತೊಂಬತ್ತು. ಅದನ್ನು ಮಂದೂಬರ ಮೇಜಿನ ಮೇಲಿಟ್ಟೆ. ಅವರು ತಿರುಗಿಸಿ ತಿರುಗಿಸಿ ನೋಡಿದರು. "ಯಾವಾಗ ಬೇಕು?" ಎಂದರು. ಎರಡು ವಾರದೊಳಗೆ ಎಂದೆ. ಹುಬ್ಬು ಏರಿಸಿದರು. ನಾನು ಹೆಂಡತಿಯ ವಾರಗಳನ್ನು ಹೇಳಿದೆ. ಕನ್ನಡಕ ಹಾಕಿಕೊಂಡು, "ಯಲ್ಲಾ," ನಡಿ, ಎಂದು ಕಾರಿನ ಕೀಲಿ ಎತ್ತಿಕೊಂಡರು. ಆ ಹದಿನಾಲ್ಕು ದಿನಗಳಲ್ಲಿ ಅವರು ಎಷ್ಟು ಸಾಲುಗಳಲ್ಲಿ ನಿಂತರೋ ನನಗೆ ತಿಳಿಯದು. ಕೇಳಿದರೆ ಕೈ ಬೀಸಿ ಬೇರೆ ಮಾತು ತೆಗೆಯುತ್ತಿದ್ದರು. ಮೂವತ್ತೊಂದನೇ ವಾರದ ನಡುವೆ ವೀಸಾ ಬಂತು. ಅದೇ ವಾರದ ಕೊನೆಯ ದಿನ ಹೆಂಡತಿ ಮತ್ತು ಮಗಳು ದೋಹಾದಲ್ಲಿ ಇಳಿದರು. ಮಗಳು ನನ್ನನ್ನು ಕಂಡು ಈ ಸಲ ಅಳಲಿಲ್ಲ. ಕೈಯಲ್ಲಿದ್ದ ಚಿಕ್ಕಿಯನ್ನು ಮುರಿದು ಸಣ್ಣ ತುಂಡನ್ನು ನನಗೆ ಕೊಟ್ಟಳು.

ಸೂಟ್‌ಕೇಸಿನ ತುಂಬ ಮಾಮಿ ಕಟ್ಟಿಕೊಟ್ಟ ಬಾಣಂತಿಯ ಲೇಹ್ಯ, ಸ್ನಾನದ ಎಣ್ಣೆ, ಮೆಂತೆ. ಪ್ರತಿ ಡಬ್ಬಿಗೂ ಚೀಟಿ ಅಂಟಿಸಿ, ಯಾವ ದಿನದಿಂದ ಯಾವ ದಿನದವರೆಗೆ ಎಂದು ಬರೆಸಿದ್ದರು. ನಾನೂ ಇಷ್ಟು ಚೊಕ್ಕವಾಗಿ ಮಾಡುತ್ತಿರಲಿಲ್ಲ. ಎಣ್ಣೆ ಹಚ್ಚಿ ಮೀಯಿಸಲು ಯಾರು ಎಂಬ ಚಿಂತೆ ಉಳಿದಿತ್ತು. ಜೊತೆಗಾರನ ಅಕ್ಕ ದೋಹಾದ ನಜ್ಮಾ ಬಡಾವಣೆಯಲ್ಲಿದ್ದರು, ಇಪ್ಪತ್ತು ವರ್ಷದಿಂದ ಅಲ್ಲೇ ಸಂಸಾರ. ಅವರು ನಾವು ಕೇಳುವ ಮೊದಲೇ ಹೇಳಿ ಕಳಿಸಿದರು, ಹೆರಿಗೆಯಾದ ಮೇಲೆ ನಲವತ್ತು ದಿನವೂ ತಾವೇ ಬರುವುದಾಗಿ. ಬಂದರು ಕೂಡ. ಒಂದು ದಿನವೂ ತಪ್ಪಿಸಲಿಲ್ಲ.

ಹೆಂಡತಿಗೆ ನೋವು ಶುರುವಾದದ್ದು ನಾನು ಬೆಳಗಿನ ಪಾಳಿಗೆ ಬೂಟು ಹಾಕುತ್ತಿದ್ದಾಗ. ಬೂಟು ಹಾಕಿದ ಹಾಗೆಯೇ ಅವಳನ್ನು ಕರೆದುಕೊಂಡು ಕಾರು ಹತ್ತಿದೆ. ಮಗಳನ್ನು ಜೊತೆಗಾರ ತನ್ನ ಅಕ್ಕನ ಮನೆಗೆ ಕರೆದೊಯ್ದ. ಆಸ್ಪತ್ರೆಯ ಪಡಸಾಲೆಯಲ್ಲಿ ಗಂಡಸರ ಸಾಲೇ ಇತ್ತು, ಫಿಲಿಪ್ಪೀನ್ಸಿನವರು, ಈಜಿಪ್ಟಿನವರು, ಪಾಕಿಸ್ತಾನದವರು. ಯಾರಿಗೂ ಯಾರ ಭಾಷೆಯೂ ಸರಿಯಾಗಿ ಬಾರದು. ಬಾಗಿಲು ತೆರೆದಾಗಲೆಲ್ಲ ಎಲ್ಲರೂ ಒಟ್ಟಿಗೆ ಎದ್ದು ನಿಲ್ಲುತ್ತಿದ್ದೆವು. ಕೊನೆಗೊಮ್ಮೆ ಮಲಯಾಳಿ ನರ್ಸ್ ಹೊರಗೆ ಬಂದು ನನ್ನ ಕಡೆ ನೋಡಿದರು. ಕೈಯಲ್ಲಿ ಬಿಳಿ ಬಟ್ಟೆಯ ಕಟ್ಟು. ಹದಿನೈದು ವರ್ಷ ಹಡಗಿನಲ್ಲಿ, ಬಿಸಿಯಾದ ವಾಲ್ವನ್ನೂ ಹೇಗೆ ಹಿಡಿಯಬೇಕೆಂದು ಕಲಿತವನಿಗೆ, ಇದನ್ನು ಹೇಗೆ ಹಿಡಿಯಬೇಕೆಂದು ತಿಳಿಯಲಿಲ್ಲ. ನರ್ಸ್ ನನ್ನ ಮೊಣಕೈ ಮಡಚಿ, ತಲೆಯನ್ನು ಅದರ ಮೇಲಿಟ್ಟು ತೋರಿಸಿದರು. ಮಗ. ಕಣ್ಣು ಮುಚ್ಚಿಕೊಂಡು, ಯಾರ ಮೇಲೋ ಕೋಪವಿದ್ದವನಂತೆ ಹುಬ್ಬು ಗಂಟಿಕ್ಕಿದ್ದ.

ಮಗುವನ್ನು ಒಳಗೆ ಒಯ್ದ ಮೇಲೆ ಮಾಮಿಗೆ ಫೋನ್ ಮಾಡಿದೆ.

"ಎಷ್ಟು ಗಂಟೆಗೆ?" ಎಂದು ಕೇಳಿದರು. ಜಾತಕ ಬರೆಸಲು ಬೇಕು.

ನನಗೆ ಗೊತ್ತಿರಲಿಲ್ಲ. ಕೈಯಲ್ಲಿ ಗಡಿಯಾರವಿತ್ತು, ಎದುರಿನ ಗೋಡೆಯಲ್ಲಿಯೂ ಇತ್ತು. "ನೋಡಲಿಲ್ಲ ಮಾಮಿ" ಎಂದೆ.

ಆ ಕಡೆಯಿಂದ ನಗು ಕೇಳಿಸಿತು. "ಗಂಟೆ ನೋಡದೇ ನಿಂತಿದ್ದೀರಾ? ನೀವಾ? ಹೋಗಲಿ, ಆಸ್ಪತ್ರೆಯವರು ಬರೆದಿಟ್ಟಿರ್ತಾರೆ. ನೀವು ಅಲ್ಲಿ ಇದ್ರಲ್ಲ."

ಒಳಗೆ ಬಿಟ್ಟಾಗ ಹೆಂಡತಿ ಬೆವೆತು ಸುಸ್ತಾಗಿದ್ದಳು. ಮಂಚದ ಪಕ್ಕ ನಿಂತು ಅವಳ ಕೈ ಹಿಡಿದುಕೊಂಡೆ. ಬೂಟಿನ ಲೇಸು ಕಟ್ಟಿಲ್ಲ ಎಂದು ಅವಳು ಕಣ್ಣಲ್ಲೇ ತೋರಿಸಿದಳು. ಬಗ್ಗಿ ಕಟ್ಟಲು ಕೈ ಬಿಡಬೇಕಿತ್ತು. ನಾನು ಬಿಡಲಿಲ್ಲ.