ಗಂಗಕ್ಕನ ಮೂರು ಕಂಪ್ಯೂಟರು

ತಮ್ಮ ಕಂಪ್ಯೂಟರುಗಳ ಸೆಟ್ಟಿಂಗನ್ನು ಯಾರಾದರೂ ಕೈಯಿಂದ ಬದಲಿಸಿದರೆ ಗಂಗಕ್ಕ, ಎಂಜಲು ಕೈಯನ್ನು ಉಪ್ಪಿನಕಾಯಿ ಭರಣಿಗೆ ಹಾಕಿದವರನ್ನು ನೋಡುವಂತೆ ನೋಡುತ್ತಿದ್ದರು.

ಬೈಲಹೊಂಗಲದಲ್ಲಿ ಅವರದು ನಮ್ಮ ಪಕ್ಕದ ಮನೆ. ಬಹಳ ವರ್ಷ ಟೈಪಿಂಗ್ ಕಲಿಸಿದವರು, ಎರಡು ಸಾವಿರದ ಇಸವಿಯ ಆಚೀಚೆ ಟೈಪ್‌ರೈಟರುಗಳನ್ನೆಲ್ಲ ಮಾರಿ ಮೂರು ಹಳೆಯ ಕಂಪ್ಯೂಟರು ತಂದು ಕಾಳಿನ ಕೋಣೆಯಲ್ಲಿಟ್ಟರು. ಒಂದು, ನಳದ ನೀರು ಬರುವ ಹೊತ್ತಿಗೆ ಗಂಟೆ ಬಾರಿಸುತ್ತಿತ್ತು. ಇನ್ನೊಂದು ಮನೆಯ ಫೋಟೋಗಳನ್ನು ಕಾಯುತ್ತಿತ್ತು. ಮೂರನೆಯದು ನಿಮಿಷಕ್ಕೊಮ್ಮೆ ಉಳಿದೆರಡನ್ನು 'ಇದ್ದೀರೇನು?' ಎಂದು ಕೇಳುತ್ತಿತ್ತು, ಅಷ್ಟೇ.

"ಮೂರನೇದು ಸತ್ರ ಯಾರು ಕೇಳ್ತಾರ್ರಿ?" ಎಂದೆ.

"ನಮ್ಮವರು," ಎಂದು ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದ ಗಂಡ ಶಿವಪ್ಪನವರನ್ನು ತೋರಿಸಿದರು.

ಗಂಟೆ ಮಧ್ಯಾಹ್ನ ಮೂರಕ್ಕೆ, ಸರಿಯಾಗಿ ನನ್ನ ನಿದ್ದೆಯ ಹೊತ್ತಿಗೆ ಬಾರಿಸುತ್ತಿತ್ತು. ಒಂದು ದಿನ ಅವರಿಲ್ಲದಾಗ ಒಳಹೊಕ್ಕು ಅದನ್ನು ಐದಕ್ಕೆ ತಳ್ಳಿ ಬಂದೆ. ಮರುದಿನ ಮತ್ತೆ ಮೂರಕ್ಕೇ ಬಾರಿಸಿತು. ಮತ್ತೆ ತಳ್ಳಿದೆ, ಮತ್ತೆ ಮೂರು. ಕೊನೆಗೆ ಗಂಗಕ್ಕನೇ ಕರೆದರು.

"ಮಾಸ್ತರ, ಕೈಲೆ ಏನೂ ಮಾಡಬಾರದು. ಹೆಂಗಿರಬೇಕಂತ ಫೈಲಿನ್ಯಾಗ ಬರೀಬೇಕು. ದಿನಾ ಮುಂಜಾನೆ ಅದು ಫೈಲ್ ಓದಿ ತನ್ನ ತಪ್ಪು ತಾನ ತಿದ್ದಿಕೊಂತೈತಿ. ಗಂಟಿ ಬ್ಯಾಡಾಗಿದ್ರ ಅರ್ಜಿ ಬರದು ಕೊಡ್ರಿ."

ಬರೆದು ಕೊಟ್ಟೆ. ಎರಡು ಕಾಗುಣಿತದ ತಪ್ಪು ತಿದ್ದಿ, ಅರ್ಜಿ ತಿರಸ್ಕರಿಸಿದರು. ನಾನು ಕನ್ನಡ ಮಾಸ್ತರ.

ಒಂದು ಬೇಸಿಗೆ, ಬೆಳಕಿಂಡಿಯಿಂದ ಮಂಗಗಳು ಇಳಿದು ಮೂರೂ ಕಂಪ್ಯೂಟರುಗಳನ್ನು ಕೆಡವಿ, ಮೇಲೆ ಒಂದು ಗಡಿಗೆ ಮಜ್ಜಿಗೆ ಸುರಿದು ಹೋದವು. ಓಣಿಯೆಲ್ಲ ಸೇರಿತು. ಆ ಕೋಣೆಯ ಮೇಲೆ ಮೊದಲಿನಿಂದಲೂ ಕಣ್ಣಿಟ್ಟಿದ್ದ ಶಿವಪ್ಪನವರು, "ಆತಲ್ಲ, ಇನ್ನ ಶೇಂಗಾ ಚೀಲ ಇಡೂಣು," ಎಂದರು.

"ಸಂಜೀತನಕ ತಡೀರಿ. ಮದಲಿನಂಗ ಆಗಲಿಲ್ಲಂದ್ರ ಕೋಣಿ ನಿಮ್ಮದು," ಎಂದು ಗಂಗಕ್ಕ ನನ್ನನ್ನು ಗುಜರಿ ಅಂಗಡಿಗೆ ಓಡಿಸಿದರು. "ಯಾವ ಮೂರಾದ್ರೂ ತರ್ರಿ. ಎತ್ತು ಕೊಳ್ಳಾವ್ರಂಗ ಹಲ್ಲು ನೋಡಕೋತ ನಿಂದರಬ್ಯಾಡ್ರಿ."

ಕೈಗಾಡಿಯಲ್ಲಿ ಮೂರು ಪೆಟ್ಟಿಗೆ ತಂದೆ. ಆ ಫೈಲು, ಫೋಟೋ ಎಲ್ಲ ತುಂಬಿಟ್ಟಿದ್ದ ಒಂದು ಸಿ.ಡಿ. ಹಾಕಿ, ಒಂದೇ ಸಾಲು ಟೈಪ್ ಮಾಡಿ, ಅವರು ಮೆಂತೆ ಸೊಪ್ಪು ಸೋಸುತ್ತ ಕುಳಿತರು. ಪರದೆಯ ಮೇಲೆ ಅಕ್ಷರಗಳು ಓಡತೊಡಗಿದವು. ಶಿವಪ್ಪನವರು ಮೊದಲ ಚೀಲವನ್ನು ಹೊಸ್ತಿಲಿಗೇ ತಂದು ಅದರ ಮೇಲೆ ಕುಳಿತಿದ್ದರು.

ಹೊತ್ತು ಮುಳುಗುವ ಮೊದಲೇ ಮೂರನೆಯದು 'ಇದ್ದೀರೇನು?' ಎಂದು ಕೇಳಿತು. ಎರಡೂ 'ಇದ್ದೇವೆ' ಎಂದವು. ಗಂಗಕ್ಕ, ಶಿವಪ್ಪನವರ ಮದುವೆಯ ಫೋಟೋ ಬಂತು. ಮೊದಲೂ ಅಡ್ಡ ಮಲಗಿತ್ತು, ಈಗಲೂ ಅಡ್ಡವೇ ಮಲಗಿತ್ತು.

"ಇದನ್ನರ ನೆಟ್ಟಗ ಮಾಡಬಾರದೇನು?" ಶಿವಪ್ಪನವರು ಕೇಳಿದರು.

"ಮದಲಿನಂಗ ಅಂದ್ರ ಮದಲಿನಂಗ," ಎಂದರು ಗಂಗಕ್ಕ. ಚೀಲ ವಾಪಸು ಹೋಯಿತು.

ಕೆಲವು ವರ್ಷಗಳಾದ ಮೇಲೆ ಇಬ್ಬರೂ ರಾಮದುರ್ಗಕ್ಕೆ, ಮಗಳ ಊರಿಗೆ ಹೊರಟರು. ಟೆಂಪೋದಲ್ಲಿ ಮಂಚ, ಕೊಡ, ಒಳಕಲ್ಲು ಎಲ್ಲ ಏರಿದವು. ಕಂಪ್ಯೂಟರುಗಳನ್ನು ಮಾತ್ರ ಗುಜರಿಯವನಿಗೇ ಕೊಟ್ಟುಬಿಟ್ಟರು. ನನ್ನ ಕಣ್ಣು ತೇವವಾಗಿದ್ದು ಕಂಡು ಗಂಗಕ್ಕ ನಕ್ಕರು. "ಅದು ಬರೇ ತಗಡರಿ, ಮಾಸ್ತರ." ಆಮೇಲೆ ಚೀಲದಿಂದ ಎರಡು ಸಿ.ಡಿ. ತೆಗೆದು, ಒಂದನ್ನು ನನ್ನ ಕೈಗಿಟ್ಟರು. "ನಂದು ಕೆಟ್ರ ಕೇಳ್ತೇನಿ. ನಿಮ್ಮ ಮನ್ಯಾಗೊಂದು ಇರಲಿ."

ಗಂಗಕ್ಕ ಅದನ್ನು ಕೇಳಲೇ ಇಲ್ಲ. ಎರಡು ವರ್ಷದ ಮೇಲೆ, ಅವರು ತೀರಿಕೊಂಡ ಸುದ್ದಿಯೇ ಬಂತು.

ಸಿ.ಡಿ. ಈಗಲೂ ನನ್ನ ಅಲ್ಮಾರಿಯಲ್ಲಿದೆ. ಹೋದ ವಾರ ಅದನ್ನು ಒರೆಸಿ ಕೈಯಲ್ಲಿ ಹಿಡಿದು ಕುಳಿತೆ. ನಾನು ಹೊಸದಾಗಿ ಕೊಂಡ ಕಂಪ್ಯೂಟರಿಗೆ ಅದನ್ನು ಹಾಕುವ ಬಾಯಿಯೇ ಇಲ್ಲ.